ಕೆಲಸಕ್ಕೆ ಜನ ತೆಗೆದುಕೊಳ್ಳುವಾಗ ಏನು ಕೇಳಬೇಕು, ಹೇಗೆ ಕೇಳಬೇಕು

ಕೋಲಾರದ ಟೊಮೆಟೊ ಮಂಡಿಯೊಂದಕ್ಕೆ ಲೆಕ್ಕ ಬರೆಯುವವರು ಬೇಕು. ವೇಮಗಲ್‌ನಲ್ಲಿ ಬಿಡಿಭಾಗ ತಯಾರಿಸುವ ಘಟಕಕ್ಕೆ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರ) ಆಪರೇಟರ್ ಬೇಕು. ಮುಳಬಾಗಿಲಿನ ಬಟ್ಟೆ ಅಂಗಡಿಗೆ ಕೌಂಟರ್‌ನಲ್ಲಿ ನಿಲ್ಲುವವರು ಬೇಕು. ಕೆಲಸ ಮೂರು ಥರದ್ದು, ಸಂದರ್ಶನ ಮಾತ್ರ ಒಂದೇ ಥರ. "ಯಾವ ಊರು? ಏನು ಓದಿದೀರಿ? ಮುಂಚೆ ಎಲ್ಲಿದ್ರಿ? ಅಲ್ಲಿ ಯಾಕೆ ಬಿಟ್ರಿ? ಸಂಬಳ ಎಷ್ಟು ಬೇಕು?" ಹತ್ತು ನಿಮಿಷಕ್ಕೆ ಮುಗಿಯಿತು. ಮಾತು ಚುರುಕಾಗಿದ್ದವರಿಗೆ ಕೆಲಸ ಸಿಕ್ಕಿತು, ನಾಚಿಕೆಯಿಂದ ತಲೆ ತಗ್ಗಿಸಿ ಕೂತವರು ಮನೆಗೆ ಹೋದರು. ಲೆಕ್ಕ ಬರೆಯಲು ಬರುತ್ತದೋ ಇಲ್ಲವೋ ಎಂಬುದು ಗೊತ್ತಾಗುವುದು ಮಾತ್ರ ತಿಂಗಳ ಕೊನೆಯಲ್ಲಿ, ಖಾತೆ ಕೂಡದೆ ಹೋದಾಗ.

ನೇಮಕಾತಿಯ ವಿಧಾನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ ಸಂಶೋಧನೆ ಬೇಕಾದಷ್ಟಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಜಾಲಾಡಿ, ಆಯ್ಕೆಯ ಹೊತ್ತಿನ ಅಂಕಕ್ಕೂ ಮುಂದೆ ಕೆಲಸದಲ್ಲಿ ಕಂಡ ಗುಣಮಟ್ಟಕ್ಕೂ ಎಷ್ಟು ನಂಟಿದೆ ಎಂದು ಲೆಕ್ಕ ಹಾಕಿದರು. ನಂಟೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1. ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನಕ್ಕೆ 0.42 ಬಂತು. ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕೆ 0.19. ನಾವೆಲ್ಲ ತುಂಬ ನಂಬುವ 'ಎಷ್ಟು ವರ್ಷದ ಅನುಭವ' ಎನ್ನುವುದಕ್ಕೆ ಬರೀ 0.07. ಮೊದಲನೆಯದು ಕೂಡ 1ರಿಂದ ದೂರವೇ ಇದೆ, ಹಾಗಾಗಿ ಯಾವ ಸಂದರ್ಶನವೂ ಜಾತಕವಲ್ಲ. ಆದರೆ ಖರ್ಚಿಲ್ಲದೆ, ಒಂದು ಸಂಜೆ ಕೂತು ತಯಾರಿ ಮಾಡಿಕೊಂಡರೆ ಸಿಗುವ ಲಾಭ ಇದು.

ಮೊದಲ ಹೆಜ್ಜೆ: ಕೆಲಸವನ್ನು ಹಾಳೆಗಿಳಿಸಿ

ಪ್ರಶ್ನೆ ಆಮೇಲೆ. ಮೊದಲು ಒಂದು ಹಾಳೆಯಲ್ಲಿ ಆ ಕೆಲಸದ ಒಂದು ದಿನವನ್ನು ಬರೆಯಿರಿ. 'ಲೆಕ್ಕಪತ್ರ ನೋಡಿಕೊಳ್ಳುವುದು' ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಬೆಳಗ್ಗೆ ಗಾಡಿ ಬಂದಾಗ ಇಳಿದ ಕ್ರೇಟ್ ಎಣಿಸಿ ಚೀಟಿ ಬರೆಯುವುದು, ಹರಾಜು ಕೂಗುವಾಗ ಯಾವ ಲಾಟು ಯಾರಿಗೆ ಎಷ್ಟಕ್ಕೆ ಹೋಯಿತು ಎಂದು ನಿಂತಲ್ಲೇ ಗುರುತು ಹಾಕುವುದು, ರೈತರಿಗೆ ಬಾಡಿಗೆ ಮತ್ತು ಅಡ್ವಾನ್ಸ್ ಕಳೆದು ಪಟ್ಟಿ ಕೊಡುವುದು, ವ್ಯಾಪಾರಿಗಳಿಂದ ಬಾಕಿ ವಸೂಲಿಗೆ ಫೋನ್ ಮಾಡುವುದು, ಸಂಜೆ ನಗದು ಕೂಡಿಸುವುದು. ಹೀಗೆ ಬರೆದಾಗಲೇ ಪ್ರಶ್ನೆ ಎಲ್ಲಿಂದ ಹುಟ್ಟಬೇಕು ಎಂಬುದು ಕಾಣುತ್ತದೆ.

ಆಮೇಲೆ ಈಗ ಆ ಕೆಲಸ ಮಾಡುತ್ತಿರುವವರನ್ನು, ಅವರಿಲ್ಲದಿದ್ದರೆ ಪಕ್ಕದಲ್ಲಿ ಕೂರುವವರನ್ನು, ಎರಡು ಮಾತು ಕೇಳಿ. "ಹೊಸಬರು ಬಂದರೆ ಇಲ್ಲಿ ಎಲ್ಲಿ ಎಡವುತ್ತಾರೆ?" "ಹೋದ ವರ್ಷ ಈ ಕೆಲಸದಲ್ಲಿ ನಮಗೆ ನಷ್ಟ ತಂದ ತಪ್ಪು ಯಾವುದು?" ಈ ವಿಧಾನಕ್ಕೆ ಹಳೆಯ ಬೇರು ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನ ಚಾಲಕರ ಆಯ್ಕೆಗಾಗಿ ದುಡಿದ ಜಾನ್ ಫ್ಲ್ಯಾನಗನ್, ಕೆಲಸ ಕೆಟ್ಟ ಮತ್ತು ಕೆಲಸ ಗೆದ್ದ ನಿಜವಾದ ಪ್ರಸಂಗಗಳನ್ನು ಕಲೆಹಾಕಿ ಅದರಿಂದ ಬೇಕಾದ ಗುಣ ಯಾವುದು ಎಂದು ಹೆಕ್ಕುವ ಕ್ರಮವನ್ನು 1954ರಲ್ಲಿ ಬರೆದಿಟ್ಟರು. ಮಂಡಿಗೂ ಅದು ಅಷ್ಟೇ ಚೆನ್ನಾಗಿ ಹೊಂದುತ್ತದೆ.

ಬಂದ ಉತ್ತರಗಳಿಂದ ನಾಲ್ಕೈದು ಗುಣ ಆರಿಸಿಕೊಳ್ಳಿ. ಹತ್ತು ಬೇಡ, ಮುಕ್ಕಾಲು ಗಂಟೆಯಲ್ಲಿ ಹತ್ತನ್ನು ಅಳೆಯಲಾಗುವುದಿಲ್ಲ. ಆರಿಸುವಾಗ ಒಂದು ಗೆರೆ ಎಳೆಯಿರಿ: ವಾರದಲ್ಲಿ ಕಲಿಸಬಹುದಾದದ್ದು ಒಂದು ಕಡೆ, ಕಲಿಸಲು ವರ್ಷ ಬೇಕಾದದ್ದು ಇನ್ನೊಂದು ಕಡೆ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ನಾಲ್ಕು ದಿನದಲ್ಲಿ ಬರುತ್ತದೆ. ಅಂಕಿ ಹೊಂದದಿದ್ದಾಗ ತಡೆದು ನಿಲ್ಲಿಸುವ ಅಭ್ಯಾಸ ನಾಲ್ಕು ದಿನದಲ್ಲಿ ಬರುವುದಿಲ್ಲ. ಸಂದರ್ಶನದ ಹೊತ್ತನ್ನೆಲ್ಲ ಎರಡನೆಯದಕ್ಕೆ ಇಡಿ. ಹೆಚ್ಚಿನ ಕಡೆ ಇದು ತಿರುಗುಮುರುಗಾಗಿ, "ಟ್ಯಾಲಿ ಬರುತ್ತಾ?" ಎಂಬಲ್ಲೇ ಮಾತು ಮುಗಿದಿರುತ್ತದೆ.

ಎರಡನೇ ಹೆಜ್ಜೆ: ಗುಣವನ್ನು ಪ್ರಶ್ನೆಯಾಗಿಸಿ

"ಒತ್ತಡ ತಡ್ಕೋತೀರಾ?" ಎಂದರೆ "ತಡ್ಕೋತೀನಿ ಸಾರ್" ಎನ್ನುತ್ತಾರೆ. "ಲೆಕ್ಕದಲ್ಲಿ ಪ್ರಾಮಾಣಿಕರಾ?" ಎಂದರೆ "ಇಲ್ಲ" ಎಂದು ಹೇಳಿದವರು ಈವರೆಗೆ ಹುಟ್ಟಿಲ್ಲ. ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪ್ರಶ್ನೆಗಳು ಇವು, ಕೇಳಿ ಪ್ರಯೋಜನವಿಲ್ಲ. "ನಿಮ್ಮ ಬಲ ಏನು, ದೌರ್ಬಲ್ಯ ಏನು?" ಎಂಬುದೂ ಇದೇ ಜಾತಿಗೆ ಸೇರಿದ್ದು. ಅದಕ್ಕೆ ಉತ್ತರ ಮೊಬೈಲಿನಲ್ಲೇ ಸಿದ್ಧವಾಗಿ ಸಿಗುತ್ತದೆ.

ಕೆಲಸಕ್ಕೆ ಬರುವ ಪ್ರಶ್ನೆ ಎರಡು ಬಗೆ. ಒಂದು, ನಡೆದುಹೋದದ್ದು: ಹಿಂದೆ ನಿಜವಾಗಿ ಏನು ಮಾಡಿದರು. ಇನ್ನೊಂದು, ಎದುರಾದರೆ: ಹೀಗೊಂದು ಸಂದರ್ಭ ಬಂದರೆ ಏನು ಮಾಡುತ್ತಾರೆ. ಅನುಭವ ಇದ್ದವರಿಗೆ ಮೊದಲನೆಯದು ಹೆಚ್ಚು ತಿಳಿಸುತ್ತದೆ.

"ಒತ್ತಡ ತಡ್ಕೋತೀರಾ?" ಬದಲು: "ಒಂದೇ ಹೊತ್ತಿಗೆ ಮೂರು ಜನ ನಿಮ್ಮ ಮುಂದೆ ನಿಂತು ನಂದು ಮೊದಲು ಎಂದು ಕೂಗಾಡಿದ ದಿನ ಯಾವುದಾದರೂ ಇದ್ದರೆ ನೆನಪು ಮಾಡಿಕೊಳ್ಳಿ. ಯಾರನ್ನು ಮೊದಲು ನೋಡಿದಿರಿ? ಯಾಕೆ?"

"ಪ್ರಾಮಾಣಿಕರಾ?" ಬದಲು: "ಸಂಜೆ ನಗದು ಎಣಿಸಿದಾಗ ಲೆಕ್ಕಕ್ಕಿಂತ ಕಮ್ಮಿಯೋ ಜಾಸ್ತಿಯೋ ಬಂದ ದಿನ ಹೇಳಿ. ಎಷ್ಟು ವ್ಯತ್ಯಾಸ ಬಂತು? ಯಾರಿಗೆ ಹೇಳಿದಿರಿ? ಕೊನೆಗೆ ಎಲ್ಲಿ ಸಿಕ್ಕಿತು?" ನಗದು ಹಿಡಿದು ಕೆಲಸ ಮಾಡಿದ ಯಾರಿಗಾದರೂ ಇಂಥ ದಿನ ಬಂದೇ ಇರುತ್ತದೆ. "ನನಗೆ ಯಾವತ್ತೂ ಒಂದು ರೂಪಾಯಿ ವ್ಯತ್ಯಾಸ ಬಂದಿಲ್ಲ" ಎನ್ನುವವರ ವಿಚಾರದಲ್ಲಿ ಸ್ವಲ್ಪ ನಿಧಾನಿಸುವುದು ಒಳ್ಳೆಯದು.

"ತೆಲುಗು ಬರುತ್ತಾ?" ಎಂದು ಈ ಕಡೆ ಎಲ್ಲರೂ ಕೇಳುತ್ತಾರೆ. ಆಂಧ್ರದ ಗಡಿಯ ರೈತರು, ವ್ಯಾಪಾರಿಗಳು ಬರುವ ಮಂಡಿಗೆ ಅದು ನ್ಯಾಯವಾದ ಅಗತ್ಯವೇ. ಆದರೆ ಕೇಳಬೇಡಿ, ಸಂದರ್ಶನದ ನಡುವೆ ಎರಡು ನಿಮಿಷ ತೆಲುಗಿನಲ್ಲೇ ಮಾತನಾಡಿ. ಬಾಕಿ ಕೊಡದ ವ್ಯಾಪಾರಿಯ ಪಾತ್ರವನ್ನು ನೀವೇ ವಹಿಸಿ, ಜಗಳವಾಗದಂತೆ ಹಣ ಕೇಳಲು ಹೇಳಿ. ಭಾಷೆಯೂ ತಿಳಿಯುತ್ತದೆ, ವಸೂಲಿಯ ಕಲೆಯೂ ತಿಳಿಯುತ್ತದೆ.

ಕಾಲೇಜು ಅಥವಾ ಐಟಿಐ ಮುಗಿಸಿ ನೇರವಾಗಿ ಬಂದವರಿಗೆ ಹೇಳಿಕೊಳ್ಳಲು ಅನುಭವ ಇಲ್ಲ ಎಂದುಕೊಳ್ಳುವುದು ತಪ್ಪು. ಊರ ಗಣೇಶನ ಚಂದಾ ಲೆಕ್ಕ ಇಟ್ಟಿರುತ್ತಾರೆ, ಮನೆಯ ಹಾಲನ್ನು ಡೇರಿಗೆ ಹಾಕಿ ಪಾಸ್‌ಬುಕ್ಕಿನ ಅಂಕಿ ತಾಳೆ ನೋಡಿರುತ್ತಾರೆ, ರೇಷ್ಮೆ ಮನೆಯಲ್ಲಿ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಿರುತ್ತಾರೆ. "ಮನೆಯಲ್ಲೋ ಊರಲ್ಲೋ ದುಡ್ಡಿನ ಜವಾಬ್ದಾರಿ ನಿಮ್ಮ ಕೈಗೆ ಬಂದದ್ದು ಯಾವಾಗ? ಲೆಕ್ಕ ಹೇಗೆ ಬರೆದಿಟ್ಟಿರಿ?" ಎಂದು ಕೇಳಿದರೆ ಮಾತು ಬರುತ್ತದೆ. ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ದಾಟಿದ ಮೇಲೆ ಸೊಪ್ಪು ಸಾಲದೆ ಬಂದಾಗ ಏನು ಮಾಡಿದರು ಎಂಬ ಉತ್ತರದಲ್ಲಿ ಅಂಕಪಟ್ಟಿ ಹೇಳದ ಎಷ್ಟೋ ಸಂಗತಿ ಇರುತ್ತದೆ.

ಮೂರನೇ ಹೆಜ್ಜೆ: ಮೊದಲ ಉತ್ತರಕ್ಕೆ ನಿಲ್ಲಬೇಡಿ

ಪ್ರಶ್ನೆ ಚೆನ್ನಾಗಿದ್ದರೂ ಸಂದರ್ಶನ ಕೆಡುವುದು ಇಲ್ಲಿ. ಮೊದಲ ಉತ್ತರ ಯಾವಾಗಲೂ ನುಣ್ಣಗಿರುತ್ತದೆ. ಅದರೊಳಗಿನ ಕೆಲಸ ಕಾಣಬೇಕಾದರೆ ಇನ್ನೂ ಮೂರು ಸಲ ಅಗೆಯಬೇಕು.

"ಒಂದ್ಸಲ ಸ್ಟಾಕ್‌ನಲ್ಲಿ ವ್ಯತ್ಯಾಸ ಬಂದಿತ್ತು ಸಾರ್. ನಾವು ಎಲ್ಲಾ ಚೆಕ್ ಮಾಡಿ ಸರಿ ಮಾಡಿದ್ವಿ."

"ಎಷ್ಟು ವ್ಯತ್ಯಾಸ?"

"ಹನ್ನೆರಡು ಮೂಟೆ."

"ಮೊದಲು ಗೊತ್ತಾಗಿದ್ದು ಯಾರಿಗೆ?"

"ಸೂಪರ್‌ವೈಸರ್‌ಗೆ. ಅವರು ಹೇಳಿದ ಮೇಲೆ ನಾನು ಹೋಗಿ ಎಣಿಸಿದೆ."

"ಎಣಿಸಿ ಆಮೇಲೆ?"

"ಲೋಡಿಂಗ್ ಚೀಟಿ ತೆಗೆದು ಬಿಲ್ ಜೊತೆ ಹೋಲಿಸಿದೆ ಸಾರ್. ಒಂದು ಗಾಡಿ ಚೀಟಿ ಎರಡು ಸಲ ಎಂಟ್ರಿ ಆಗಿತ್ತು. ಎಂಟ್ರಿ ಮಾಡಿದ್ದು ನಾನೇ."

ಕೊನೆಯ ಆ ಮಾತಿಗೆ ಬೆಲೆ ಇದೆ. ತಪ್ಪು ತನ್ನದೇ ಎಂದು ಒಪ್ಪಿಕೊಂಡರು, ಎಲ್ಲಿ ಸಿಕ್ಕಿತು ಎಂದು ಜಾಗ ತೋರಿಸಿ ಹೇಳಿದರು. ಮೊದಲ ವಾಕ್ಯಕ್ಕೇ 'ಸರಿ' ಎಂದು ಮುಂದೆ ಹೋಗಿದ್ದರೆ ಇದು ಹೊರಬರುತ್ತಿರಲಿಲ್ಲ.

ನಮ್ಮಲ್ಲಿ 'ನಾವು ಮಾಡಿದ್ವಿ' ಎನ್ನುವುದು ವಿನಯದ ಮಾತು ಕೂಡ. 'ನಾನು ಮಾಡಿದೆ' ಎಂದರೆ ಜಂಬ ಎಂದುಕೊಂಡು ಬೆಳೆದವರೇ ಹೆಚ್ಚು. ಹಾಗಾಗಿ 'ನಾವು' ಎಂದ ಮಾತ್ರಕ್ಕೆ ಕೆಲಸ ಮಾಡಿಲ್ಲ ಎಂದು ತೀರ್ಮಾನಿಸಬೇಡಿ. "ಅದರಲ್ಲಿ ನಿಮ್ಮ ಕೈಯಲ್ಲಿದ್ದ ಭಾಗ ಯಾವುದು?" ಎಂದು ಮೃದುವಾಗಿ ಕೇಳಿ. ಮಾಡಿದವರು ಸಂಖ್ಯೆ, ಹೆಸರು, ದಿನ, ಜಾಗ ಹೇಳುತ್ತಾರೆ. ನೋಡಿದವರು ಮಾತ್ರ 'ಎಲ್ಲಾ ಸರಿ ಹೋಯ್ತು' ಎಂಬಲ್ಲೇ ಸುತ್ತುತ್ತಾರೆ.

ಕೇಳಿದ ಮೇಲೆ ಸುಮ್ಮನಿರುವುದನ್ನೂ ಕಲಿಯಬೇಕು. ಎದುರಿನವರು ಯೋಚಿಸುವಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ಮೂರಕ್ಕೇ ತಾಳ್ಮೆ ಕಳೆದುಕೊಂಡು "ಅಂದ್ರೆ ನೀವು ಚೀಟಿ ನೋಡಿದಿರಿ ಅಲ್ವಾ?" ಎಂದು ಉತ್ತರವನ್ನು ನಾವೇ ಬಾಯಿಗೆ ಹಾಕಿದರೆ, ಅಂಕ ಕೊಡಬೇಕಾದದ್ದು ನಮಗೇ.

ನಾಲ್ಕನೇ ಹೆಜ್ಜೆ: ಚೀಟಿ ಕೈಗೆ ಕೊಡಿ

ಮಾತಿಗಿಂತ ಹೆಚ್ಚು ಹೇಳುವುದು ಇಪ್ಪತ್ತು ನಿಮಿಷದ ಕೆಲಸ. ಮಂಡಿಯ ಲೆಕ್ಕದವರಿಗೆ ಹೀಗೊಂದು ಪರೀಕ್ಷೆ ಕಟ್ಟಬಹುದು. ಅಂಕಿಗಳು ಉದಾಹರಣೆಗೆ ಹಾಕಿದವು, ನಿಮ್ಮಲ್ಲಿಯ ದರಕ್ಕೆ ಬದಲಿಸಿಕೊಳ್ಳಿ.

ನಾಲ್ಕು ಚೀಟಿ ಬರೆದಿಡಿ. ಒಂದನೆಯದು ಗಾಡಿ ಇಳಿಸಿದ ಚೀಟಿ: 15 ಕೆ.ಜಿ.ಯ ಕ್ರೇಟ್ 46. ಎರಡನೆಯದು ಮಾರಾಟದ ಚೀಟಿ: 30 ಕ್ರೇಟ್, ತಲಾ ₹410. ಮೂರನೆಯದು ಇನ್ನೊಂದು ಮಾರಾಟ: 15 ಕ್ರೇಟ್, ತಲಾ ₹360. ನಾಲ್ಕನೆಯದರಲ್ಲಿ ಕಳೆಯಬೇಕಾದದ್ದು: ಗಾಡಿ ಬಾಡಿಗೆ ಕ್ರೇಟ್‌ಗೆ ₹12ರಂತೆ 46ಕ್ಕೆ, ಮೊದಲೇ ಕೊಟ್ಟ ಅಡ್ವಾನ್ಸ್ ₹5,000. ಕ್ಯಾಲ್ಕುಲೇಟರ್ ಕೊಟ್ಟು, "ರೈತರಿಗೆ ಕೊಡುವ ಪಟ್ಟಿ ಮಾಡಿ, ಏನಾದರೂ ಕೇಳಬೇಕಿದ್ದರೆ ಕೇಳಿ" ಎಂದಷ್ಟೇ ಹೇಳಿ.

ಕೂಡಿದರೆ ಮಾರಾಟ ₹17,700. ಬಾಡಿಗೆ ₹552, ಅಡ್ವಾನ್ಸ್ ₹5,000 ಕಳೆದರೆ ₹12,148. ಅಂಕಗಣಿತ ಇಷ್ಟೇ. ಆದರೆ ಇಳಿದದ್ದು 46, ಮಾರಿದ್ದು 45. ಒಂದು ಕ್ರೇಟ್ ಎಲ್ಲಿ?

₹12,148 ಬರೆದು ಹಾಳೆ ಕೊಟ್ಟು ಕೂತವರು ಕೂಡುವುದು ಕಳೆಯುವುದು ಬಲ್ಲವರು, ಅಷ್ಟೇ. ವ್ಯತ್ಯಾಸ ಕಂಡರೂ ಆ ಒಂದು ಕ್ರೇಟನ್ನು ತಾವೇ ₹360ಕ್ಕೆ ಸೇರಿಸಿ ₹12,508 ಮಾಡಿದವರು ಇನ್ನೂ ಅಪಾಯ. ಅಂಕಿ ಹೊಂದಿಸುವುದೇ ಲೆಕ್ಕ ಎಂದುಕೊಂಡವರು ಅವರು, ನಾಳೆ ನಗದನ್ನೂ ಹಾಗೇ ಹೊಂದಿಸುತ್ತಾರೆ. "ಸಾರ್, ಒಂದು ಕ್ರೇಟ್ ಕಮ್ಮಿ ಬರ್ತಿದೆ. ಕೊಳೆತು ತೆಗೆದಿದ್ದಾ, ಮಾರದೆ ಉಳಿದಿದ್ದಾ, ಎಣಿಕೆ ತಪ್ಪಾ?" ಎಂದು ಪಟ್ಟಿ ಮುಗಿಸುವ ಮೊದಲೇ ಕೇಳಿದವರು ನಿಮಗೆ ಬೇಕಾದವರು. ಆ ಒಂದು ಕ್ರೇಟು ರೈತರ ದುಡ್ಡು. ಅದನ್ನು ಕೇಳುವವರು ಲೆಕ್ಕದಲ್ಲಿದ್ದರೆ ಮಾತ್ರ ರೈತರು ಮುಂದಿನ ವಾರವೂ ಅದೇ ಮಂಡಿಗೆ ಗಾಡಿ ತರುತ್ತಾರೆ.

ಯಂತ್ರದ ಕೆಲಸಕ್ಕೂ ಇದೇ ಕ್ರಮ. ವೇಮಗಲ್, ನರಸಾಪುರ ಅಥವಾ ತುಮಕೂರಿನ ವಸಂತನರಸಾಪುರದ ಯಾವುದೇ ಸಣ್ಣ ಘಟಕದಲ್ಲಿ ಒಂದು ಡ್ರಾಯಿಂಗ್, ಯಂತ್ರದಲ್ಲಿ ಕಡೆದ ಒಂದು ಬಿಡಿಭಾಗ (ಜಾಬ್), 0.02 ಮಿ.ಮೀ. ಓದುವ ವರ್ನಿಯರ್ ಅಳತೆ ಸಾಧನ ಇದ್ದೇ ಇರುತ್ತದೆ. ಡ್ರಾಯಿಂಗ್‌ನಲ್ಲಿ ವ್ಯಾಸ 25 ಮಿ.ಮೀ., ಹೆಚ್ಚುಕಮ್ಮಿ 0.05. ಕೊಡುವ ಜಾಬ್ 25.08 ಇರಲಿ. ಉತ್ತರಕ್ಕಿಂತ ಮೊದಲು ಕೈ ನೋಡಿ: ವರ್ನಿಯರ್‌ನ ದವಡೆ ಒರೆಸಿ, ಮುಚ್ಚಿ, ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ಎಂದು ನೋಡಿಕೊಂಡರೇ? ಒಂದೇ ಜಾಗದಲ್ಲಿ ಅಳೆದರೇ, ತಿರುಗಿಸಿ ಎರಡು ಮೂರು ಕಡೆ ಅಳೆದರೇ? ಆಮೇಲೆ ಈ ಪ್ರಶ್ನೆ: "ಶಿಫ್ಟ್ ಮುಗಿಯಲು 20 ನಿಮಿಷ ಇದೆ, 15 ಪೀಸ್ ಬಾಕಿ. ಹೊರ ವ್ಯಾಸ 25.00, 25.02, 25.04 ಎಂದು ಏರುತ್ತಾ ಬರುತ್ತಿದೆ. ಏನು ಮಾಡುತ್ತೀರಿ?" ಇನ್ನೂ ಮಿತಿಯೊಳಗಿದೆ, ಓಡಿಸುತ್ತೇನೆ ಎಂದರೆ ಮುಂದಿನ ಕೆಲವು ಪೀಸ್‌ನಲ್ಲೇ ರಿಜೆಕ್ಷನ್ ಶುರು. ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆಯುತ್ತಿದೆ, ಅದಕ್ಕೇ ವ್ಯಾಸ ಏರುತ್ತಿದೆ, ಯಂತ್ರದಲ್ಲಿನ ಆಫ್‌ಸೆಟ್ (ತುದಿಯ ಜಾಗದ ಅಂಕಿ) ಸರಿಪಡಿಸುತ್ತೇನೆ ಅಥವಾ ಅಂಚು ಬದಲಿಸುತ್ತೇನೆ, ಬದಲಿಸಿದ ಮೇಲೆ ಮೊದಲ ಪೀಸ್ ಅಳೆಯುತ್ತೇನೆ, ಮುಂದಿನ ಶಿಫ್ಟ್‌ನವರಿಗೆ ಹೇಳಿ ಹೋಗುತ್ತೇನೆ ಎಂದವರಿಗೆ ಯಂತ್ರ ಒಪ್ಪಿಸಬಹುದು.

ಬಟ್ಟೆ ಅಂಗಡಿಗಾದರೆ ಒಂದು ಸೀರೆ ಕೈಗೆ ಕೊಟ್ಟು ನಿಮಗೇ ಮಾರಲು ಹೇಳಿದರೆ ಸಾಕು. ಬೆಲೆ ಹೇಳುವ ಮುಂಚೆ "ಯಾರಿಗೆ ಅಕ್ಕ, ಯಾವ ಕಾರ್ಯಕ್ಕೆ?" ಎಂದು ಕೇಳುತ್ತಾರೋ ನೋಡಿ.

ಒಂದು ಎಚ್ಚರಿಕೆ. ಪರೀಕ್ಷೆಯ ಹೆಸರಲ್ಲಿ ಅರ್ಧ ದಿನ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವುದು ಅನ್ಯಾಯ. ಒಂದು ಗಂಟೆ ದಾಟಿದರೆ ಅಥವಾ ಅವರ ಕೆಲಸದಿಂದ ನಿಮಗೆ ಲಾಭ ಬಂದರೆ ಆ ಹೊತ್ತಿನ ಕೂಲಿ ಕೊಟ್ಟು ಕಳಿಸಿ.

ಐದನೇ ಹೆಜ್ಜೆ: ಅಂಕ ಮೊದಲು, ಮಾತುಕತೆ ಆಮೇಲೆ

ಪ್ರತಿ ಪ್ರಶ್ನೆಗೂ 1, 3, 5 ಅಂಕಕ್ಕೆ ಯಾವ ಉತ್ತರ ಎಂದು ಸಂದರ್ಶನದ ಹಿಂದಿನ ದಿನವೇ ಬರೆದಿಡಿ. ನಗದು ವ್ಯತ್ಯಾಸದ ಪ್ರಶ್ನೆಗೆ: 'ನನಗೆ ಹಾಗಾಗಿಲ್ಲ' ಅಥವಾ ಕೈಯಿಂದ ಹಾಕಿ ಮುಚ್ಚಿದೆ ಎಂದರೆ 1. ಮಾಲೀಕರಿಗೆ ಹೇಳಿದೆ, ಕಾರಣ ಹುಡುಕಲಿಲ್ಲ ಎಂದರೆ 3. ಅವತ್ತೇ ತಿಳಿಸಿ, ಚೀಟಿ ಹಿಡಿದು ಹುಡುಕಿ, ಮತ್ತೆ ಆಗದಂತೆ ಏನಾದರೂ ಬದಲಿಸಿದ್ದರೆ 5. ಅಳತೆ ಮೊದಲೇ ಇಲ್ಲದಿದ್ದರೆ ಇಷ್ಟವಾದವರ ಉತ್ತರವೆಲ್ಲ 5 ಆಗಿಬಿಡುತ್ತದೆ.

ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮ. ಉತ್ತರದ ಎರಡು ಸಾಲು ಅಲ್ಲೇ ಬರೆದುಕೊಳ್ಳಿ, ಅವರು ಬಾಗಿಲು ದಾಟುತ್ತಿದ್ದಂತೆ ಅಂಕ ಹಾಕಿ. ಸಂಜೆಗೆ ಇಟ್ಟರೆ ಕೊನೆಯಲ್ಲಿ ಬಂದವರು ಮಾತ್ರ ನೆನಪಿರುತ್ತಾರೆ. ಇಬ್ಬರು ಕೂತು ಕೇಳಿ, ಬೇರೆ ಬೇರೆ ಹಾಳೆಯಲ್ಲಿ ಅಂಕ ಹಾಕಿ, ಆಮೇಲೆ ತಾಳೆ ನೋಡಿ. ಆಗ ಮೊದಲು ಮಾತನಾಡಬೇಕಾದವರು ಕಿರಿಯರು. ಯಜಮಾನರು ಬಾಯಿಬಿಟ್ಟ ಮೇಲೆ ಗುಮಾಸ್ತರ ಅಭಿಪ್ರಾಯ ಯಜಮಾನರದ್ದೇ ಆಗಿರುತ್ತದೆ, ಇಬ್ಬರು ಕೂತದ್ದು ದಂಡ. ಒಂದೇ ಉತ್ತರಕ್ಕೆ ಒಬ್ಬರು 1, ಇನ್ನೊಬ್ಬರು 5 ಕೊಟ್ಟಿದ್ದರೆ ಸರಾಸರಿ ತೆಗೆಯಬೇಡಿ. ಬರೆದುಕೊಂಡ ಮಾತನ್ನು ಓದಿ, ಯಾಕೆ ಹಾಗೆ ಎಂದು ಮಾತಾಡಿ.

ಒಟ್ಟು ಅಂಕಕ್ಕೂ ಒಂದು ಮಿತಿ ಇದೆ. ನಗದಿನ ಕೆಲಸಕ್ಕೆ ನಗದಿನ ಪ್ರಶ್ನೆಯಲ್ಲಿ 1 ಬಂದರೆ ಉಳಿದ ನಾಲ್ಕರಲ್ಲಿ 5 ಬಂದರೂ ಬೇಡ. ಇಂಥ ಗೆರೆಯನ್ನು ಮೊದಲೇ ಎಳೆದಿಡಿ. "ನಮ್ಮ ಚಿಕ್ಕಪ್ಪನ ಕಡೆಯವನು, ನೋಡಿ" ಎಂದು ಬಂದವರಿಗೂ ಇದೇ ಹಾಳೆ. ಶಿಫಾರಸು ತಂದವರ ಮುಖ ಉಳಿಸಲೂ ಇದು ದಾರಿ: ಅಂಕ ತೋರಿಸಿದರೆ ಮನಸ್ತಾಪ ಕಡಿಮೆ.

ಕೇಳಬಾರದ್ದು

ಜಾತಿ, ಮನೆದೇವರು, ಗಂಡ ಏನು ಮಾಡುತ್ತಾರೆ, ಮದುವೆ ಯಾವಾಗ, ಮಕ್ಕಳಾದರೆ ಕೆಲಸ ಬಿಡುತ್ತೀರಾ. ಮಾತಿನ ಮೊದಲಿಗೆ ಸಲಿಗೆಗೆಂದು ಕೇಳುವ ಈ ಪ್ರಶ್ನೆಗಳು ಕೆಲಸದ ಬಗ್ಗೆ ಏನೂ ಹೇಳುವುದಿಲ್ಲ, ಆದರೆ ನಿಮ್ಮ ಅಂಕವನ್ನು ಒಳಗಿಂದೊಳಗೇ ಎಳೆಯುತ್ತವೆ. ಹೆಣ್ಣು ಎಂಬ ಕಾರಣಕ್ಕೆ ನೇಮಕಾತಿಯಲ್ಲಿ ಭೇದ ಮಾಡುವುದನ್ನು 1976ರ ಸಮಾನ ವೇತನ ಕಾಯ್ದೆಯೇ ತಡೆದಿತ್ತು. ಕೆಲಸದ ಹೊತ್ತೇ ನಿಮ್ಮ ಚಿಂತೆಯಾದರೆ ಹೊತ್ತನ್ನೇ ಕೇಳಿ, ಗಂಡಸರನ್ನೂ ಹೆಂಗಸರನ್ನೂ ಸಮನಾಗಿ ಕೇಳಿ: "ಬೆಳಗ್ಗೆ 6ಕ್ಕೆ ಶುರು, ಸುಗ್ಗಿಯಲ್ಲಿ ರಾತ್ರಿ 8 ಆಗುತ್ತದೆ. ನಿಮ್ಮೂರಿಂದ ಆ ಹೊತ್ತಿಗೆ ಬಂದು ಹೋಗಲು ಏನು ಅನುಕೂಲ ಇದೆ?"

ಇದನ್ನು ಕೇಳುವಾಗಲೇ ಕೆಲಸದ ಕಷ್ಟವನ್ನೂ, ಸಂಬಳವನ್ನೂ ಬಿಚ್ಚಿ ಹೇಳಿ. ಬೆಂಗಳೂರು ಬಸ್ಸಿನ ದೂರದಲ್ಲಿದೆ, ಕಾರ್ಖಾನೆಗಳು ಪಕ್ಕದಲ್ಲೇ ಇವೆ. ಸುಗ್ಗಿಯಲ್ಲಿ ಭಾನುವಾರವೂ ಬರಬೇಕು ಎಂಬುದನ್ನು ಸೇರಿದ ಮೇಲೆ ತಿಳಿದವರು ಮೊದಲ ಸಂಬಳ ಎಣಿಸಿ ಹೊರಡುತ್ತಾರೆ. ಕೊನೆಯ ಹತ್ತು ನಿಮಿಷ ಅವರ ಪ್ರಶ್ನೆಗೆ ಬಿಡಿ. ರಜೆ, ಪಿಎಫ್, ಊಟ ಕೇಳಿದವರನ್ನು ದುರಾಸೆಯವರು ಎಂದು ಎಣಿಸಬೇಡಿ, ನಿಲ್ಲುವ ಮನಸ್ಸಿದ್ದವರೇ ಅದನ್ನೆಲ್ಲ ಕೇಳುವುದು.

ಹಳೆಯ ಯಜಮಾನರಿಗೆ ಫೋನ್

"ಹೇಗೆ ಹುಡುಗ?" ಎಂದರೆ "ಒಳ್ಳೇ ಹುಡುಗ ಸಾರ್" ಎನ್ನುತ್ತಾರೆ. ಬಿಟ್ಟು ಹೋದವರ ಹೊಟ್ಟೆಯ ಮೇಲೆ ಹೊಡೆಯಲು ಯಾರಿಗೂ ಮನಸ್ಸಿರುವುದಿಲ್ಲ. ಅದಕ್ಕೇ ಕೆಲಸವನ್ನೇ ಕೇಳಿ: "ಯಾವ ಕೆಲಸ ಅವರಿಗೆ ಒಪ್ಪಿಸಿ ನಿಶ್ಚಿಂತೆಯಿಂದ ಇರುತ್ತಿದ್ದಿರಿ? ಯಾವುದನ್ನು ನೀವೇ ಇನ್ನೊಮ್ಮೆ ನೋಡಬೇಕಿತ್ತು? ಜಾಗ ಖಾಲಿ ಇದ್ದರೆ ಮತ್ತೆ ಕರೆಯುತ್ತೀರಾ?" ಮೂರನೆಯದಕ್ಕೆ ಬರುವ ತಡವರಿಕೆಯನ್ನೂ ಬರೆದುಕೊಳ್ಳಿ. ಈಗ ಕೆಲಸ ಮಾಡುತ್ತಿರುವ ಕಡೆಗೆ ಮಾತ್ರ ಅವರ ಒಪ್ಪಿಗೆ ಇಲ್ಲದೆ ಫೋನ್ ಮಾಡಬೇಡಿ, ಇರುವ ಅನ್ನವೂ ಹೋದೀತು.

ಆಯ್ಕೆಯಾಗದವರಿಗೂ ಎರಡು ದಿನದೊಳಗೆ ತಿಳಿಸಿ. ಬಸ್ ಚಾರ್ಜು ಹಾಕಿಕೊಂಡು ಬಂದು ಹೋದವರು, ಫೋನ್ ಹಿಡಿದು ಕಾಯುತ್ತಿರುತ್ತಾರೆ.

ಹಾಳೆಯನ್ನು ಎಸೆಯಬೇಡಿ

ಅಂಕದ ಹಾಳೆಗಳನ್ನು ಫೈಲಿನಲ್ಲಿಟ್ಟು, ಸೇರಿದವರಿಗೆ ಮೂರು ತಿಂಗಳಾದ ದಿನ ತೆಗೆದು ಓದಿ. ಯಾವ ಪ್ರಶ್ನೆಗೆ 5 ಬಂದವರು ಆ ಕೆಲಸದಲ್ಲಿ ಎಡವಿದರು? ಆ ಪ್ರಶ್ನೆ ಅಳೆಯಬೇಕಾದದ್ದನ್ನು ಅಳೆದಿಲ್ಲ, ತಿದ್ದಿ. ಬಂದವರೆಲ್ಲರೂ ಒಂದೇ ಅಂಕ ಪಡೆದ ಪ್ರಶ್ನೆ ಇದ್ದರೆ ತೆಗೆದುಹಾಕಿ, ಅದು ಯಾರನ್ನೂ ಬೇರ್ಪಡಿಸುವುದಿಲ್ಲ. ಈ ಮೂರು ತಿಂಗಳಲ್ಲಿ ಆದ ಹೊಸ ತಪ್ಪೊಂದಿದ್ದರೆ ಅದೇ ಮುಂದಿನ ಸಲದ ಪ್ರಶ್ನೆ. 46 ಕ್ರೇಟಿನ ಚೀಟಿಯ ಅಂಕಿಗಳನ್ನೂ ಆಗ ಬದಲಿಸಿಬಿಡಿ, ಮಂಡಿಯ ಸಾಲಿನಲ್ಲಿ ಅದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ.